ಕಿತ್ತೂರಿನ ಅರಮನೆ ಎಂಬ ತ್ರುಟಿತ ಗ್ರಂಥ

ಕಾಲೇಜಿನಲ್ಲಿ ಶೈಕ್ಷಣಿಕ ಪ್ರವಾಸದ ಮಾತೆತ್ತಿದರೆ ವಿದ್ಯಾರ್ಥಿಗಳ ಬಾಯಿಂದ ಮೊದಲು ಹೊರಡುವ ಹೆಸರು ಮೈಸೂರು. ಅವರೆಲ್ಲ ನವಿಲುತೀರ್ಥದ ಆಸುಪಾಸಿನ ಹಳ್ಳಿಗಳಿಂದ ಬರುವವರು. ಮಲಪ್ರಭೆಯು ಗುಡ್ಡವನ್ನು ಸೀಳಿಕೊಂಡು ಹೊರಬರುವ ಕಣಿವೆ, ಅದಕ್ಕೆ ಅಡ್ಡಲಾಗಿ 1972ರಲ್ಲಿ ಪೂರ್ಣಗೊಂಡ ಅಣೆಕಟ್ಟು, ಅದರ ಹಿಂದೆ ಹರಡಿದ ರೇಣುಕಾಸಾಗರ ಇವು ಅವರಿಗೆ ದಿನನಿತ್ಯದ ನೋಟ. ದೂರದಿಂದ ಬಂದವರು ಬೆರಗಾಗಿ ನಿಂತು ನೋಡುವುದನ್ನು ಇವರು ಬಸ್ಸಿನ ಕಿಟಕಿಯಿಂದಲೂ ನೋಡುವುದಿಲ್ಲ. ಇವರಿಗೆ ಬೇಕಾದದ್ದು ಗುಮ್ಮಟ, ದೀಪಾಲಂಕಾರ, ಬಣ್ಣದ ಗಾಜಿನ ಛಾವಣಿ. ಅದು ತಪ್ಪೆಂದು ನಾನು ಹೇಳಲಾರೆ. ಅವರ ವಯಸ್ಸಿನಲ್ಲಿ ನಾನೂ ಅದನ್ನೇ ಬಯಸಿದ್ದೆ.

ಕಳೆದ ಮಾಗಿಯಲ್ಲಿ ಮಾತ್ರ ಹಟ ಹಿಡಿದು ನಮ್ಮ ಪದವಿ ತರಗತಿಯ ಮಕ್ಕಳನ್ನು ಕಿತ್ತೂರಿಗೆ ಕರೆದೊಯ್ದೆ. ಮೈಸೂರಿಗೆ ಒಂದಿಡೀ ರಾತ್ರಿಯ ಪ್ರಯಾಣ, ಕಿತ್ತೂರಿಗಾದರೋ ಎರಡು ತಾಸಿನದು. ಆದರೂ ಆ ತರಗತಿಯಲ್ಲಿ ಮೈಸೂರಿನ ಅರಮನೆಯನ್ನು ಕಂಡವರ ಸಂಖ್ಯೆ ಕಿತ್ತೂರಿನದನ್ನು ಕಂಡವರಿಗಿಂತ ಹೆಚ್ಚಾಗಿತ್ತು. ದಾರಿ ಬೈಲಹೊಂಗಲದ ಮೂಲಕ ಹೋಗುತ್ತದೆ. ಅಲ್ಲಿ ಚೆನ್ನಮ್ಮ ರಾಣಿಯ ಸಮಾಧಿಯಿದೆ. ಅಲ್ಲಿಯ ಕೋಟೆಯಲ್ಲಿ ಸೆರೆಯಾಗಿದ್ದು 1829ರ ಫೆಬ್ರವರಿ 2ರಂದು ಆಕೆ ತೀರಿಕೊಂಡಳು. ಹೀಗೆ ನಮ್ಮ ಕಡೆಯಿಂದ ಹೋಗುವವರಿಗೆ ರಾಣಿಯ ಕಥೆ ಕೊನೆಯಿಂದ ಮೊದಲಾಗುತ್ತದೆ. ಸಮಾಧಿ ಮೊದಲು, ಮನೆ ಆಮೇಲೆ.

ಕಿತ್ತೂರಿನ ಮನೆತನದ ಮೂಲಪುರುಷರಾದ ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ 1585ರ ಸುಮಾರಿಗೆ ಬಿಜಾಪುರದ ಸೈನ್ಯದೊಡನೆ ಸಾಗರದಿಂದ ಈ ಸೀಮೆಗೆ ಬಂದವರು. ಮುಂದೆ ಅಲ್ಲಪ್ಪಗೌಡ ಸರದೇಸಾಯಿಯ ಆಳ್ವಿಕೆಯಲ್ಲಿ, ಅಂದರೆ 1660ರಿಂದ 1691ರವರೆಗಿನ ಅವಧಿಯಲ್ಲಿ, ರಾಜಧಾನಿ ಸಂಪಗಾವಿಯಿಂದ ಕಿತ್ತೂರಿಗೆ ಬಂದಿತು. ಕೋಟೆಯೂ ಅರಮನೆಯೂ ಎದ್ದವು. ಇಲ್ಲಿ ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಭಾಗದಲ್ಲಿ ದೇಸಾಯಿಯ ಮನೆಗೆ ‘ವಾಡೆ’ ಎನ್ನುತ್ತಾರೆ, ‘ಅರಮನೆ’ ಎನ್ನುವುದಿಲ್ಲ. ‘ಅರಮನೆ’ ಅರಸನ ಮನೆ. ಕಿತ್ತೂರಿನವರು ಪದವಿಯಿಂದ ದೇಸಾಯಿಗಳು. ಆದರೂ ಜನರು ಆ ಕಟ್ಟಡವನ್ನು ವಾಡೆಯೆನ್ನದೆ ಅರಮನೆಯೆಂದೇ ಕರೆದುಕೊಂಡು ಬಂದಿದ್ದಾರೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಕೋಟೆಯ ಮುಂದೆ ಬಿದ್ದ ಮೇಲೆ ಹೆಸರಿನ ಬಗೆಗೆ ಯಾರೂ ತಕರಾರು ತೆಗೆದಿರಲಾರರು.

ಕೋಟೆಯ ಒಳಹೊಕ್ಕಾಗ ಮಕ್ಕಳ ಮುಖದಲ್ಲಿ ನಿರಾಸೆ ಸ್ಪಷ್ಟವಾಗಿತ್ತು. ಮೇಲೆ ಆಕಾಶ, ಕೆಳಗೆ ಹುಲ್ಲು, ನಡುವೆ ದಪ್ಪ ಗೋಡೆಗಳು. ಗಾರೆ ಅಲ್ಲಲ್ಲಿ ಉದುರಿ ಒಳಗಿನ ಕಲ್ಲುಮಣ್ಣು ಕಾಣುತ್ತದೆ. ನಾನು ಉಪನ್ಯಾಸಕ್ಕೆ ಸಿದ್ಧನಾಗಿದ್ದೆ; ಬಿಜಾಪುರದ ಕಮಾನು, ಮರಾಠಾ ವಾಡೆಯ ಅಂಗಳ ಎಂದೆಲ್ಲ ಹೇಳಲು ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ. ಅದನ್ನು ಅರ್ಧಕ್ಕೇ ಬಿಡಬೇಕಾಯಿತು. ನಾನು ‘ಇಲ್ಲಿ ತೇಗದ ಕಂಬಗಳಿದ್ದವು’ ಎನ್ನುತ್ತಿದ್ದಂತೆ ಒಬ್ಬ ಹುಡುಗ, ಮುನವಳ್ಳಿಯ ಕಡೆಯವನು, ಕಂಬದ ಕಲ್ಲಿನ ಪೀಠದ ಬಳಿ ಕುಳಿತು ತನ್ನ ಗೆಳೆಯನಿಗೆ ವಿವರಿಸತೊಡಗಿದ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಅವನ ಅಜ್ಜನ ಮನೆ ಇಂದಿಗೂ ಹಾಗೆಯೇ ಇದೆಯಂತೆ. ‘ಜಂತಿ’ ಎಂಬ ಶಬ್ದ ನನಗೆ ನಿಘಂಟಿನಿಂದ ಪರಿಚಿತ. ಅವನಿಗೆ ಅದು ಮಳೆಗಾಲದಲ್ಲಿ ಸೋರುವ ಜಾಗ.

ಅಲ್ಲಿಂದ ಮುಂದೆ ಪಾಠವನ್ನು ಮಕ್ಕಳೇ ಮಾಡಿದರು. ಈ ಬಗೆಯ ಕಟ್ಟಡದಲ್ಲಿ ಛಾವಣಿಯ ಭಾರವನ್ನು ಹೊರುವುದು ಬಹುಮಟ್ಟಿಗೆ ಮರದ ಚೌಕಟ್ಟು. ಮರ ಹೋದರೆ ಮಾಳಿಗೆ ಹೋಗುತ್ತದೆ, ಮಾಳಿಗೆ ಹೋದ ಮೇಲೆ ಗೋಡೆಯ ತಲೆಯ ಮೇಲೆ ನೀರು ಇಳಿದು ಗೋಡೆ ಕರಗುತ್ತದೆ. ಈ ಕ್ರಮವನ್ನು ಅವರು ತಮ್ಮ ಊರುಗಳಲ್ಲಿ, ಬಿಟ್ಟುಹೋದ ಮನೆಗಳಲ್ಲಿ ಕಂಡಿದ್ದರು. ಗೋಡೆಯಲ್ಲಿರುವ ಕಮಾನಿನ ಗೂಡುಗಳನ್ನು ಅವರು ‘ಮಾಡ’ಗಳೆಂದು ಗುರುತಿಸಿದರು, ದೀಪ ಇಡುವುದಕ್ಕೆ ಎಂದರು. ಬಚ್ಚಲಿಗೆ ನೀರು ಎಲ್ಲಿಂದ ಬರುತ್ತಿತ್ತು, ಎಲ್ಲಿ ಹೊರಗೆ ಹೋಗುತ್ತಿತ್ತು ಎಂದು ಹುಡುಗಿಯರು ಹುಡುಕಿದರು. ಅಡುಗೆಮನೆಗೂ ಊಟದ ಪಡಸಾಲೆಗೂ ಇರುವ ದೂರವನ್ನು ಒಬ್ಬಳು ಹೆಜ್ಜೆಯಿಂದ ಅಳೆದು, ಬಡಿಸುವವರ ಕಷ್ಟದ ಬಗ್ಗೆ ಮಾತಾಡಿದಳು. ಮೈಸೂರಿನ ಅರಮನೆಯನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಬಡಿಸುವವರ ನೆನಪು ನನಗೆ ಒಮ್ಮೆಯೂ ಬಂದಿರಲಿಲ್ಲ. ಪೂರ್ಣವಾದ ಅರಮನೆ ನೋಡುವವನನ್ನು ಸುಮ್ಮನಾಗಿಸುತ್ತದೆ. ಇದು ಪ್ರಶ್ನೆ ಕೇಳಿಸುತ್ತದೆ.

ಎಲ್ಲರನ್ನೂ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಗೋಡೆಯಲ್ಲಿರುವ ಒಂದು ರಂಧ್ರ. ಧ್ರುವ ನಕ್ಷತ್ರವನ್ನು ನೋಡುವುದಕ್ಕೆಂದು ಮಾಡಿದ್ದೆಂದು ಅದನ್ನು ತೋರಿಸುತ್ತಾರೆ. ಒಂದು ಸ್ಥಳದಲ್ಲಿ ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತದೆಂಬುದು ಆ ಸ್ಥಳದ ಅಕ್ಷಾಂಶವನ್ನು ಅವಲಂಬಿಸಿದೆ. ಕಿತ್ತೂರಿನಲ್ಲಿ ಅದು ದಿಗಂತದಿಂದ ಸುಮಾರು ಹದಿನೈದೂವರೆ ಡಿಗ್ರಿ ಮೇಲಿರುತ್ತದೆ. ಕಾಶ್ಮೀರದಲ್ಲಿ ಇಂಥ ರಂಧ್ರವನ್ನು ಬಹಳ ಮೇಲ್ಮುಖವಾಗಿ ಕೊರೆಯಬೇಕಾಗುತ್ತಿತ್ತು, ಇಲ್ಲಿ ಸ್ವಲ್ಪವೇ ಓರೆ ಸಾಕು. ಇನ್ನೂ ಒಂದು ಸೂಕ್ಷ್ಮವಿದೆ. ಭೂಮಿಯ ಅಕ್ಷವು ನಿಧಾನವಾಗಿ ತಿರುಗುವುದರಿಂದ, ಅರಮನೆ ಕಟ್ಟಿದ ಕಾಲದಲ್ಲಿ ಧ್ರುವ ನಕ್ಷತ್ರವು ನಿಜವಾದ ಉತ್ತರ ಧ್ರುವಬಿಂದುವಿನಿಂದ ಎರಡು ಡಿಗ್ರಿಗೂ ಹೆಚ್ಚು ದೂರವಿತ್ತು. ಇಂದು ಒಂದು ಡಿಗ್ರಿಗಿಂತ ಕಡಿಮೆ. ಅಂದರೆ ಅಲ್ಲಪ್ಪಗೌಡನ ಕಾಲದವರ ಧ್ರುವನಿಗಿಂತ ನಮ್ಮ ಧ್ರುವ ಹೆಚ್ಚು ಧ್ರುವ! ಇದನ್ನೆಲ್ಲ ನಾನು ಮಟಮಟ ಮಧ್ಯಾಹ್ನದಲ್ಲಿ ಹೇಳುತ್ತಿದ್ದೆ. ರಂಧ್ರದಲ್ಲಿ ಕಂಡದ್ದು ಬಿಳಿಯ ಆಕಾಶ ಮಾತ್ರ.

ಹೊರಡುವ ಹೊತ್ತಿಗೆ ಬೈಲಹೊಂಗಲದ ಒಬ್ಬ ವಿದ್ಯಾರ್ಥಿನಿ, ಅಲ್ಲಿಯವರೆಗೆ ಒಂದು ಮಾತೂ ಆಡದವಳು, ನನ್ನ ಬಳಿ ಬಂದು ಕೇಳಿದಳು: “ಮೈಸೂರು ರಾಜರ ಮನೀಗೆ ಬಂಗಾರದ ಗುಮ್ಮಟ ಐತ್ರಿ ಸರ್. ನಮ್ಮ ರಾಣಿ ಮನೀಗೆ ಒಂದು ಮಾಳಗೀನೂ ಇಲ್ಲಲ್ರೀ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಏಕೆಂದರೆ ಅದು ಅವಳೊಬ್ಬಳ ಪ್ರಶ್ನೆಯಲ್ಲ. ಕಿತ್ತೂರಿನ ಅರಮನೆಯನ್ನು ಮೊದಲಿದ್ದಂತೆಯೇ ಮರಳಿ ಕಟ್ಟಬೇಕು, ಇಲ್ಲವೆ ಅದರ ಪ್ರತಿರೂಪವನ್ನಾದರೂ ನಿರ್ಮಿಸಬೇಕು ಎಂಬ ಬೇಡಿಕೆ ನಮ್ಮ ಭಾಗದಲ್ಲಿ ಬಹುಕಾಲದಿಂದ ಇದೆ. 2021ರಲ್ಲಿ ಮುಂಬಯಿ ಕರ್ನಾಟಕಕ್ಕೆ ‘ಕಿತ್ತೂರು ಕರ್ನಾಟಕ’ ಎಂಬ ಹೆಸರು ಬಂದ ಮೇಲೆ ಅದಕ್ಕೆ ಇನ್ನಷ್ಟು ಬಲ ಬಂತು. ಪ್ರತಿರೂಪವು ಸಮೀಪದ ಬಚ್ಚನಕೇರಿಯಲ್ಲಿ ಆಗಲಿದೆಯೆಂಬ ಸುದ್ದಿ ಹಬ್ಬಿದಾಗ ಕಿತ್ತೂರಿನ ಜನ ಬೀದಿಗಿಳಿದು ಪ್ರತಿಭಟಿಸಿದ್ದೂ ಉಂಟು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ತಾಯಿಯ ಮನೆಯನ್ನು ಕಟ್ಟುವುದಾದರೆ ತಾಯಿಯ ಊರಿನಲ್ಲಿ ಕಟ್ಟಿ ಎಂಬುದು ನ್ಯಾಯವಾದ ಮಾತೇ. ಆದರೆ ಎಲ್ಲಿ ಕಟ್ಟಬೇಕೆಂಬ ಗಲಾಟೆಯಲ್ಲಿ, ಕಟ್ಟಬೇಕೆ ಎಂಬ ಪ್ರಶ್ನೆ ಹಿಂದೆ ಉಳಿಯಿತು.

ನನ್ನ ವೃತ್ತಿ ಹಳೆಯ ಪಠ್ಯಗಳನ್ನು ಓದಿಸುವುದು. ಸಂಶೋಧನೆಗೆ ತೊಡಗಿದ ದಿನಗಳಲ್ಲಿ ಒಂದು ಜೈನಪುರಾಣದ ತಾಡವೋಲೆಯ ಕಟ್ಟು ನನ್ನ ಕೈಗೆ ಬಂದಿತ್ತು. ನಡುವೆ ಕೆಲವು ಗರಿಗಳು ಇರಲಿಲ್ಲ, ಇದ್ದವುಗಳ ಅಂಚನ್ನು ಹುಳು ತಿಂದಿತ್ತು. ಒಂದು ಕಂದಪದ್ಯದಲ್ಲಿ ನಾಲ್ಕು ಅಕ್ಷರ ಹೋಗಿದ್ದವು. ಛಂದಸ್ಸಿಗೂ ಅರ್ಥಕ್ಕೂ ಸರಿಹೊಂದುವಂತೆ ನಾನು ಅದನ್ನು ತುಂಬಿ, ಹೆಮ್ಮೆಯಿಂದ ಗುರುಗಳಿಗೆ ತೋರಿಸಿದೆ. ಅವರು ಓದಿದರು, ಚೆನ್ನಾಗಿದೆ ಎಂದರು, ಆಮೇಲೆ ಕೆಂಪು ಶಾಯಿಯಿಂದ ಆ ನಾಲ್ಕು ಅಕ್ಷರಗಳನ್ನು ಹೊಡೆದುಹಾಕಿ ನಾಲ್ಕು ಚುಕ್ಕೆ ಇಟ್ಟರು. ಊಹೆಯನ್ನು ಅಡಿಟಿಪ್ಪಣಿಯಲ್ಲಿ ಹಾಕು, ಮೂಲದಲ್ಲಿ ಬೇಡ ಎಂದರು. ಗ್ರಂಥಪಾತವನ್ನು ಗ್ರಂಥಪಾತವೆಂದು ತೋರಿಸುವುದು ಸಂಪಾದಕನ ಮೊದಲ ಧರ್ಮ. ಅದನ್ನು ಸದ್ದಿಲ್ಲದೆ ತುಂಬಿದರೆ ಪ್ರಕ್ಷೇಪವಾಗುತ್ತದೆ. ಪ್ರಕ್ಷೇಪ ಸುಂದರವಾಗಿದ್ದಷ್ಟೂ ಅಪಾಯ ಹೆಚ್ಚು.

ಕನ್ನಡ ಸಾಹಿತ್ಯದಲ್ಲಿ ಹೀಗೆ ಕಳೆದುಹೋದದ್ದು ಕಡಿಮೆಯೇನಲ್ಲ. ರನ್ನನ ‘ಪರಶುರಾಮಚರಿತೆ’ ಇಂದು ನಮಗೆ ದೊರೆತಿಲ್ಲ, ‘ಚಕ್ರೇಶ್ವರಚರಿತೆ’ಯೂ ಇಲ್ಲ. ಪೊನ್ನನ ‘ಭುವನೈಕರಾಮಾಭ್ಯುದಯ’ ಇಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ವನ್ನು ಬೇರೆಯವರು ಉದಾಹರಿಸಿದ ಬಿಡಿಪದ್ಯಗಳಿಂದ ಊಹಿಸಿಕೊಳ್ಳಬೇಕು. ಸಿಗಲಿಲ್ಲವೆಂದು ಯಾರೂ ಒಂದು ‘ಪರಶುರಾಮಚರಿತೆ’ಯನ್ನು ಬರೆದು ರನ್ನನ ಹೆಸರಿನಲ್ಲಿ ಅಚ್ಚುಹಾಕಿಸಿಲ್ಲ. ಬರೆಯಬಲ್ಲ ಪಂಡಿತರು ಇರಲಿಲ್ಲವೆಂದಲ್ಲ. ಇಲ್ಲದಿರುವಿಕೆಯೂ ಚರಿತ್ರೆಯ ಭಾಗವೆಂದು ಅವರಿಗೆ ತಿಳಿದಿತ್ತು.

ಅರಮನೆಗಳ ವಿಷಯದಲ್ಲಿ ನಮ್ಮ ನಾಡಿನ ಗ್ರಂಥಪಾತ ಇನ್ನೂ ದೊಡ್ಡದು. ಸವದತ್ತಿಯನ್ನೇ ನೋಡಿ. ಇದು ಶಾಸನಗಳ ಸುಗಂಧವರ್ತಿ, ರಟ್ಟರ ರಾಜಧಾನಿ. 980ರಲ್ಲಿ ರಟ್ಟ ಶಾಂತಿವರ್ಮನು ಇಲ್ಲಿ ತಾನು ಕಟ್ಟಿಸಿದ ಬಸದಿಗೆ ಭೂಮಿ ಬಿಟ್ಟ ವಿಷಯವನ್ನು ಶಾಸನ ಹೇಳುತ್ತದೆ. 1228ರ ಶಾಸನವು ರಟ್ಟರ ರಾಜಗುರು ಮುನಿಚಂದ್ರದೇವನನ್ನು ಕೊಂಡಾಡುತ್ತದೆ. ನಾಲ್ಕನೆಯ ಕಾರ್ತವೀರ್ಯನ ಆಶ್ರಯದಲ್ಲಿದ್ದ ಪಾರ್ಶ್ವಪಂಡಿತನು 1222ರಲ್ಲಿ ‘ಪಾರ್ಶ್ವನಾಥಪುರಾಣ’ವನ್ನು ಬರೆದನು. ಅದೇ ಅರಸನ ಮಂತ್ರಿ ಬೀಚಿರಾಜನು 1204ರಲ್ಲಿ ಬೆಳಗಾವಿಯಲ್ಲಿ ಕಟ್ಟಿಸಿದ ಜಿನಾಲಯ ಇಂದಿಗೂ ಕಮಲ ಬಸದಿಯೆಂಬ ಹೆಸರಿನಲ್ಲಿ ನಿಂತಿದೆ. ಇಷ್ಟೆಲ್ಲ ಇದೆ. ಆದರೆ ಆ ರಟ್ಟರು ಮಲಗಿ ಎದ್ದ ಮನೆಯ ಒಂದು ಮೆಟ್ಟಿಲನ್ನೂ ತೋರಿಸುವ ಸ್ಥಿತಿಯಲ್ಲಿ ನಾವಿಲ್ಲ. ಶಾಸನಗಳು ಬಸದಿಗೆ ಬಿಟ್ಟ ಹೊಲದ ಎಲ್ಲೆಯನ್ನು ಗಡಿಕಲ್ಲು, ಹಳ್ಳ, ಹುಣಿಸೆಮರ ಎಂದು ಬಿಡಿಬಿಡಿಯಾಗಿ ಹೇಳುತ್ತವೆ. ಅರಸನ ವಾಸಸ್ಥಾನಕ್ಕೆ ಬಂದಾಗ ‘ನೆಲೆವೀಡು’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತವೆ. ದೇವರ ಮನೆ ಕಲ್ಲಿನದು, ಅರಸನ ಮನೆ ಮರ ಮಣ್ಣುಗಳದು. ಹಂಪಿಯಲ್ಲಿಯೂ ಇದೇ ಕಥೆ. ವಿರೂಪಾಕ್ಷನ ಗುಡಿ ನಿಂತಿದೆ, ಅರಸರ ಅರಮನೆಗಳ ಅಧಿಷ್ಠಾನಗಳು ಮಾತ್ರ ಉಳಿದಿವೆ. ಕಿತ್ತೂರಿನ ಹತ್ತಿರದ ದೇಗಾವಿಯಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯ ಗಟ್ಟಿಯಾಗಿದೆ; ಅದಕ್ಕಿಂತ ಐನೂರು ವರ್ಷ ಕಿರಿಯದಾದ ಅರಮನೆ ಮುರಿದುಬಿದ್ದಿದೆ. ಅಂದಮೇಲೆ, ನಮ್ಮ ನಾಡಿನಲ್ಲಿ ಒಂದು ಮರದ ಅರಮನೆಯ ಗೋಡೆ, ಪೀಠ, ಬಚ್ಚಲು, ಅಡುಗೆಮನೆಗಳು ಇಷ್ಟರಮಟ್ಟಿಗೆ ಒಂದೆಡೆ ಉಳಿದಿರುವುದೇ ಅಪರೂಪದ ಸಂಗತಿ. ಇದನ್ನು ಬರಿಯ ‘ಹಾಳು’ ಎಂದು ಕರೆಯುವವರು ಅದರ ಬೆಲೆಯನ್ನು ಅರಿತಿಲ್ಲ.

‘ಕಾವ್ಯಗಳಲ್ಲಿ ಅರಮನೆಯ ವರ್ಣನೆಗಳು ಬೇಕಾದಷ್ಟಿವೆಯಲ್ಲ’ ಎಂದು ಕೇಳಬಹುದು. ಇವೆ. ಅಷ್ಟಾದಶವರ್ಣನೆಗಳಲ್ಲಿ ಪುರವರ್ಣನೆ ಒಂದು. ನಮ್ಮ ಪುರಾಣಕವಿಗಳು ಅರಮನೆಗೆ ರತ್ನದ ನೆಲ, ದಂತದ ಬಾಗಿಲು, ಮುಗಿಲು ಮುಟ್ಟುವ ಉಪ್ಪರಿಗೆಗಳನ್ನು ಧಾರಾಳವಾಗಿ ಕೊಟ್ಟಿದ್ದಾರೆ. ಆದರೆ ಅವು ಬಡಗಿಯ ಅಳತೆಗಳಲ್ಲ. ಪ್ರತಿರೂಪಗಳನ್ನು ಕಟ್ಟುವವರು ಸಾಮಾನ್ಯವಾಗಿ ಮಾಡುವುದೂ ಇದನ್ನೇ. ಗೊತ್ತಿಲ್ಲದ ಕಡೆಯಲ್ಲೆಲ್ಲ ಒಂದು ಕಮಾನು, ಒಂದು ಗುಮ್ಮಟ, ಒಂದು ಆನೆ. ಅದನ್ನು ಸಿಮೆಂಟಿನ ಅಷ್ಟಾದಶವರ್ಣನೆಯೆನ್ನಬಹುದು. ಕಿತ್ತೂರಿನ ಅರಮನೆಯ ಮೇಲಂತಸ್ತು ಹೇಗಿತ್ತು, ಛಾವಣಿಯ ಅಂಚು ಹೇಗಿತ್ತು ಎಂದು ತೋರಿಸುವ ಛಾಯಾಚಿತ್ರ ಇರಲು ಸಾಧ್ಯವೇ ಇಲ್ಲ. ಕೋಟೆ ಬ್ರಿಟಿಷರ ವಶವಾದದ್ದು 1824ರ ಡಿಸೆಂಬರಿನಲ್ಲಿ, ಛಾಯಾಗ್ರಹಣವು ಜಗತ್ತಿಗೆ ತಿಳಿದದ್ದು 1839ರಲ್ಲಿ. ಬರ್ಲಿನ್ನಿನಲ್ಲಿ 1950ರಲ್ಲಿ ಕೆಡವಿದ ಅರಮನೆಯ ಹೊರಮುಖವನ್ನು ಇತ್ತೀಚೆಗೆ ಮರಳಿ ಕಟ್ಟಿದರು. ಅವರ ಬಳಿ ಹಳೆಯ ಛಾಯಾಚಿತ್ರಗಳಿದ್ದವು. ಹಾಗಿದ್ದೂ ಅಲ್ಲಿ ವಾದವಿವಾದ ನಿಂತಿಲ್ಲ. ಸ್ಮಾರಕಗಳ ರಕ್ಷಣೆ ಕುರಿತ 1964ರ ವೆನಿಸ್ ಸನದಂತೂ ಉತ್ಖನನದ ನೆಲೆಗಳಲ್ಲಿ ಮರುನಿರ್ಮಾಣವನ್ನು ಒಪ್ಪುವುದೇ ಇಲ್ಲ. ಬಿದ್ದಿರುವ ಮೂಲಭಾಗಗಳನ್ನು ಅವುಗಳ ಜಾಗದಲ್ಲಿ ಜೋಡಿಸುವುದಕ್ಕೆ ಮಾತ್ರ ಅದರ ಒಪ್ಪಿಗೆ.

‘ಹಾಗಾದರೆ ಮೈಸೂರಿನದು?’ ನಿಜ, ಇಂದಿನ ಮೈಸೂರು ಅರಮನೆಯೂ ಮರುಹುಟ್ಟು ಪಡೆದದ್ದೇ. 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸದು 1912ರಲ್ಲಿ ಮುಗಿಯಿತು. ಸುಮಾರು 41 ಲಕ್ಷ ರೂಪಾಯಿ ಖರ್ಚಾಯಿತು. ಕಲ್ಯಾಣಮಂಟಪದ ಕಬ್ಬಿಣದ ಕಂಬಗಳನ್ನು ಗ್ಲಾಸ್ಗೋದಲ್ಲಿ ಎರಕ ಹೊಯ್ಯಿಸಿ ತರಿಸಿದರು. ಆದರೆ ಆ ಕಟ್ಟಡ ತಾನು ಸುಟ್ಟುಹೋದ ಹಳೆಯ ಅರಮನೆಯೇ ಎಂದು ಹೇಳಿಕೊಳ್ಳುವುದಿಲ್ಲ. ಅದು ತನ್ನ ಕಾಲದ್ದು, ಅದರಲ್ಲಿ ರಾಜಮನೆತನ ಬಾಳಿತು. ಕಿತ್ತೂರಿನಲ್ಲಿ ನಾವು ಯಾರಿಗಾಗಿ ಕಟ್ಟುತ್ತೇವೆ? ಅದರಲ್ಲಿ ವಾಸಿಸಬೇಕಾದವಳನ್ನು ಬೈಲಹೊಂಗಲದಲ್ಲಿ ಮಣ್ಣುಮಾಡಿ ಸುಮಾರು ಇನ್ನೂರು ವರ್ಷಗಳಾದವು. ಆ ಮನೆಗೆ ಮಾಳಿಗೆಯಿಲ್ಲದಿರುವುದು ಕಟ್ಟಡದ ದೋಷವಲ್ಲ. ಗೆದ್ದವರು ಸೋತವರಿಗೆ ಏನು ಮಾಡಿದರೆಂಬುದರ ಸಾಕ್ಷ್ಯ ಅದು. ಆ ಸಾಕ್ಷ್ಯದ ಮೇಲೆ ಬಣ್ಣದ ಛಾವಣಿ ಹೊದಿಸಿದರೆ, 1824ರಲ್ಲಿ ಏನೂ ಆಗಲಿಲ್ಲವೇನೋ ಎಂದು ನಮ್ಮ ಮೊಮ್ಮಕ್ಕಳು ತಿಳಿದುಕೊಂಡಾರು.

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ನೆನೆಯಬೇಕು. ಅಕ್ಟೋಬರ್ ಕದನದಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಆಗ ಅವನಿಗೆ ಇಪ್ಪತ್ತೊಂದರ ವಯಸ್ಸು. ಅವನಿಗೆ ಅಲ್ಲಿ ಜೀವಾಪಾಯ ಒದಗಲಿಲ್ಲ. ಮುಂದೆ ಇದೇ ಎಲಿಯಟ್ ನಮ್ಮ ಸೀಮೆಯ ಹಳ್ಳಿಹಳ್ಳಿಗಳ ಶಾಸನಗಳನ್ನು ಪ್ರತಿಮಾಡಿಸಿದ. ಅವನು ಕೂಡಿಹಾಕಿದ 595 ಶಾಸನಗಳ ಪ್ರತಿಗಳು ಕರ್ನಾಟಕದ ಶಾಸನಾಧ್ಯಯನಕ್ಕೆ ಅಡಿಗಲ್ಲಾದವು, 1837ರಲ್ಲಿ ಆ ಬಗ್ಗೆ ಅವನ ಲೇಖನ ಪ್ರಕಟವಾಯಿತು. ನಮ್ಮ ಬಸದಿಗಳ ಚರಿತ್ರೆಯನ್ನು ಬರೆಯುವವರು ಇಂದಿಗೂ ಆ ಕೆಲಸಕ್ಕೆ ಋಣಿಗಳು. ಚೆನ್ನಮ್ಮನ ಸೈನಿಕರು ಕೋಪದಲ್ಲಿ ಅಂದು ಕತ್ತಿ ಬೀಸಿದ್ದರೆ ಎಷ್ಟೋ ಶಾಸನಗಳ ಪಾಠ ನಮಗೆ ಉಳಿಯುತ್ತಿರಲಿಲ್ಲ. ಎಲಿಯಟ್ ಒಡೆದ ಕಲ್ಲನ್ನು ಒಡೆದಂತೆಯೇ ಪ್ರತಿಮಾಡಿಸಿದ. ಅವನಿಂದ ನಾವು ಕಲಿಯಬೇಕಾದದ್ದೂ ಅದನ್ನೇ.

ಹಾಗೆಂದು ಏನೂ ಮಾಡದೆ ಕೈಕಟ್ಟಿ ಕುಳಿತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಗ್ರಂಥಪಾತಕ್ಕೆ ಚುಕ್ಕೆ ಇಡುವ ಸಂಪಾದಕ ಉಳಿದ ಗರಿಗಳಿಗೆ ಎಣ್ಣೆ ಸವರುವುದನ್ನು ಮರೆಯುವುದಿಲ್ಲ. ಗೋಡೆಗಳ ತಲೆಗೆ ನೀರು ಇಳಿಯದಂತೆ ಗಾರೆಯ ಹೊದಿಕೆ ಬೇಕು. ಸಿಮೆಂಟು ಬೇಡ, ಸುಣ್ಣದ್ದೇ ಆಗಬೇಕು. ಉಳಿದಿರುವ ಪ್ರತಿಯೊಂದು ಕೋಣೆಯನ್ನು ಅಳೆದು ನಕ್ಷೆ ಮಾಡಿ, ಅದನ್ನು ಬಾಗಿಲ ಬಳಿ ಕಲ್ಲಿನಲ್ಲಿ ಕೊರೆದು ನಿಲ್ಲಿಸಬೇಕು. ಕೋಟೆಯೊಳಗಿನ ಸಂಗ್ರಹಾಲಯದಲ್ಲಿರುವ ಕೆತ್ತನೆಯ ಬಾಗಿಲು ಕಿಟಕಿಗಳು ಮಾತಾಡಬಲ್ಲವು; ಅವುಗಳ ಕೆಳಗೆ ‘ಬಾಗಿಲು’ ಎಂದು ಬರೆದರೆ ಸಾಲದು, ಆ ಚೌಕಟ್ಟು ಹೇಗೆ ಗೋಡೆಯಲ್ಲಿ ಕೂರುತ್ತಿತ್ತೆಂದು ಒಂದು ಚಿತ್ರ ಬೇಕು. ಅದನ್ನು ಬರೆಯಲು ವಿದೇಶದ ತಜ್ಞರು ಬೇಕಿಲ್ಲ. ನಮ್ಮ ಭಾಗದಲ್ಲಿ ಮಾಳಿಗೆಮನೆ ಕಟ್ಟಿದ ಮುದಿ ಬಡಗಿಗಳು ಇನ್ನೂ ಇದ್ದಾರೆ, ಅವರನ್ನು ಕರೆಸಿ ಕೇಳಲಿ, ಬೇಗ ಕೇಳಲಿ. ಪ್ರತಿರೂಪ ಬೇಕೇಬೇಕೆಂದರೆ ಅದು ಕಿತ್ತೂರಿನಲ್ಲಿಯೇ ಆಗಲಿ, ಆದರೆ ಮೂಲ ಅಧಿಷ್ಠಾನದಿಂದ ದೂರ, ಕೋಟೆಯ ಗೋಡೆಯ ಹೊರಗೆ. ಅದರ ಹಣೆಯ ಮೇಲೆ ಕಟ್ಟಿದ ವರ್ಷವೂ ‘ಇದು ಊಹೆ’ ಎಂಬ ಮಾತೂ ಇರಲಿ. ಅಡಿಟಿಪ್ಪಣಿ ಅಡಿಯಲ್ಲಿಯೇ ಇರಬೇಕು.

ಆ ವಿದ್ಯಾರ್ಥಿನಿಗೆ ಇಷ್ಟನ್ನೂ ಮರುವಾರ ತರಗತಿಯಲ್ಲಿ ಹೇಳಿದೆ. ಅವಳಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಎರಡು ದಿನ ಬಿಟ್ಟು ಒಂದು ಕಾಗದ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಕಿತ್ತೂರಿನ ಅರಮನೆಯನ್ನು ತಿಂಗಳಿಗೆ ಒಂದು ರಾತ್ರಿ, ಮೋಡವಿಲ್ಲದ ಕಾಲದಲ್ಲಿ, ಎರಡು ತಾಸು ವಿದ್ಯಾರ್ಥಿಗಳಿಗೆ ತೆರೆದಿಡಬೇಕೆಂದು ಕೋರಿ ಬರೆದ ಮನವಿ. ಹಗಲಿನಲ್ಲಿ ಎಲ್ಲವನ್ನೂ ನೋಡಿದ್ದೇವೆ, ಆ ಗೋಡೆಯ ರಂಧ್ರದಲ್ಲಿ ನಕ್ಷತ್ರವನ್ನು ನೋಡುವುದೊಂದು ಉಳಿದಿದೆ ಎಂದು ಅದರಲ್ಲಿತ್ತು. ಮಾಳಿಗೆಯ ಮಾತು ಎಲ್ಲಿಯೂ ಇರಲಿಲ್ಲ. ‘ಧ್ರುವ’ದ ಧಕಾರಕ್ಕೆ ಮಹಾಪ್ರಾಣದ ಗೆರೆ ಬಿಟ್ಟುಹೋಗಿತ್ತು, ಅದನ್ನು ತಿದ್ದಿ, ಅವಳ ಹೆಸರಿನ ಕೆಳಗೆ ನನ್ನ ರುಜು ಹಾಕಿದೆ.